ಬದಲಾಪುರದ ಆ ಮನೆಯ ಹನ್ನೆರಡು ಫೋಟೋಗಳು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ದೃಷ್ಟಿ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಹಾಲು ನೋಡುವ ಪೈಕಿ ನಾನು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯವರೊಬ್ಬರು, ಲಿಫ್ಟಿನಲ್ಲಿ ರಾತ್ರಿ ಯಾರೋ ಮುಖ ಮುಚ್ಚಿಕೊಂಡು ನಿಂತಿರುತ್ತಾರೆ ಎಂದಾಗ, ಮೆಂಟೆನೆನ್ಸ್ ಬಾಕಿ ಇಟ್ಟವರಿರಬೇಕು ಎಂದು ನಕ್ಕವಳು. ನನ್ನ ಅತ್ತೆ ಬದುಕಿದ್ದಷ್ಟು ದಿನವೂ ನನಗೆ ಬೈದದ್ದು ಒಂದೇ ವಿಷಯಕ್ಕೆ, ನಾನು ಬಾಯಿಗೆ ಬಂದದ್ದನ್ನು ಆಡುತ್ತೇನೆ ಎಂದು. ಡಬ್ಬಿ ಖಾಲಿಯಾದರೆ 'ಅಕ್ಕಿ ಮುಗಿಯಿತು' ಎನ್ನಬಾರದು, 'ಅಕ್ಕಿ ಹೆಚ್ಚಾಗಿದೆ' ಎನ್ನಬೇಕು. ಮನೆಯ ಮಾಡಿನ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಒಳ್ಳೆಯದು ಆಡಲಿ ಕೆಟ್ಟದ್ದು ಆಡಲಿ 'ಅಸ್ತು' ಎಂದುಬಿಡುತ್ತಾರೆ, ಮುಸ್ಸಂಜೆಯಲ್ಲಂತೂ ನಾಲಿಗೆ ಬಿಗಿಹಿಡಿಯಬೇಕು ಎಂಬುದು ಅವರ ನಂಬಿಕೆ. ಫ್ಲಾಟಿಗೆ ಮಾಡು ಎಲ್ಲಿಂದ ಬಂತು ಅತ್ತೆ ಎಂದು ನಾನು ಕೇಳುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನನ್ನ ಹಟವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನದು ವಿಮೆ ಏಜೆಂಟಿನ ಕೆಲಸ. ಜೀವವಿಮೆಯಲ್ಲ, ಮನೆ, ಅಂಗಡಿ, ಹೋಟೆಲು, ಗೋದಾಮುಗಳಿಗೆ ಬೆಂಕಿ, ಕಳವು, ಧ್ವಂಸದ ವಿರುದ್ಧ ಮಾಡಿಸುವ ವಿಮೆ. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಊರಿನವರ ಹೋಟೆಲುಗಳಲ್ಲಿ ನನಗೆ ಪರಿಚಯವಿಲ್ಲದ ಗಲ್ಲಾಪೆಟ್ಟಿಗೆ ಕಡಿಮೆ. ಈ ದಂಧೆಯಲ್ಲಿ ಬಂಡವಾಳವೆಂದರೆ ಹೆದರಿಕೆ. ಕಾಗದದಲ್ಲಿರುವ ಷರತ್ತು ಓದಿದರೆ ಯಾರೂ ಸಹಿ ಹಾಕುವುದಿಲ್ಲ, ಕಥೆ ಹೇಳಬೇಕು. ಹೋಟೆಲಿನವರಿಗೆ ಗ್ಯಾಸಿನ ಕಥೆ, ಭಿವಂಡಿಯ ಗೋದಾಮಿನವರಿಗೆ ಶಾರ್ಟ್ ಸರ್ಕಿಟ್ಟಿನ ಕಥೆ. ಎದುರಿಗೆ ಕೂತವರ ಕಣ್ಣು ಯಾವ ವಸ್ತುವಿನ ಮೇಲೆ ಹೋಗುತ್ತದೆಯೋ ಆ ವಸ್ತುವನ್ನೇ ಕಥೆಯಲ್ಲಿ ಹಾಳು ಮಾಡಿ ತೋರಿಸಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಕೊನೆಗೊಂದು ಗಾದೆ. ಇದರಲ್ಲಿ ನಾನು ಜಾಣೆ ಎಂದು ಹೆಸರು ಮಾಡಿದ್ದೆ, ಆ ಹೆಸರು ನನಗೆ ಇಷ್ಟವೂ ಆಗಿತ್ತು.

ರಾಘಣ್ಣ ಉಡುಪಿ ಕಡೆಯವರು. ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಕ್ಯಾಂಟೀನ್ ನಡೆಸಿದವರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ಐವತ್ತು ದಾಟಿರಲಿಲ್ಲ. ಹೆಂಡತಿ ಸುಮತಿ, ಮಕ್ಕಳಿಲ್ಲ. ಇಬ್ಬರೂ ಸೇರಿ ತಮ್ಮ ಒಂದು ರೂಮು ಅಡಿಗೆಮನೆಯ ಫ್ಲಾಟು ಮಾರಿ, ಬದಲಾಪುರದಿಂದ ಶೇರ್ ರಿಕ್ಷಾದಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಒಂದು ತುಂಡು ಜಾಗ ತೆಗೆದುಕೊಂಡು ಎರಡು ಕೋಣೆಯ ಮನೆ ಕಟ್ಟಿದರು. ಅಲ್ಲಿಗೆ ಕರೆಂಟಿನ ಲೈನ್ ಬಂದಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಹಾಗಾಗಿ ಮನೆಯ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಆರು ಸೋಲಾರ್ ಪ್ಯಾನೆಲ್, ಹಿಂದಿನ ಸಣ್ಣ ಕೋಣೆಯಲ್ಲಿ ಬ್ಯಾಟರಿ, ಬೋರ್‌ವೆಲ್ಲಿಗೆ ಅದರದ್ದೇ ಪಂಪು. ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರೊಂದನ್ನು ಹಾಕಿಸಿಕೊಂಡು ಬದಲಾಪುರ, ಅಂಬರನಾಥದ ಹೋಟೆಲುಗಳಿಗೆ ಇಡ್ಲಿ ಹಿಟ್ಟು, ಹಪ್ಪಳ ಕೊಡತೊಡಗಿದರು. ಆ ಪ್ಯಾನೆಲುಗಳು ಹೋದರೆ ನೀರಿಲ್ಲ, ಹಿಟ್ಟಿಲ್ಲ, ಆ ಮನೆಯಲ್ಲಿ ಬದುಕೇ ಇಲ್ಲ. ಇನ್ನೊಂದು ಸೆಟ್ಟು ತೆಗೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಆಸುಪಾಸಿನ ಒಂದು ಫಾರ್ಮ್‌ಹೌಸಿನಲ್ಲಿ ಪಂಪಿನ ಕೇಬಲ್ ಕಳುವಾದ ಮೇಲೆ ರಾಘಣ್ಣ ನನಗೆ ಫೋನು ಮಾಡಿದರು. ನಮ್ಮ ಕಂಪನಿಗೆ ಇಂಥ ಒಂಟಿ ಮನೆಗಳೆಂದರೆ ಅಷ್ಟಕ್ಕಷ್ಟೇ. ಕರೆಂಟಿಲ್ಲ, ಕಾವಲಿಲ್ಲ, ಕೂಗಿದರೆ ಕೇಳುವ ನೆರೆಯಿಲ್ಲ. ನಾನು ಠಾಣೆಯಲ್ಲಿರುವ ಕಂಪನಿಯ ಆಫೀಸಿಗೆ ನಾಲ್ಕು ಸಲ ಓಡಾಡಿ ಒಪ್ಪಿಸಿದೆ. ಸ್ಥಳಕ್ಕೆ ಹೋಗಿ ಕಂಪನಿಯ ಆ್ಯಪಿನಲ್ಲೇ ಹನ್ನೆರಡು ಫೋಟೋ ತೆಗೆಯಬೇಕು ಎಂದರು. ಅದರಲ್ಲಿ ದಿನ, ಹೊತ್ತು, ಜಾಗ ಎಲ್ಲ ತಾನಾಗಿ ಅಚ್ಚಾಗುತ್ತದೆ. ಏಜೆಂಟರು ಕೈಚಳಕ ಮಾಡಬಾರದೆಂದು, ಒಮ್ಮೆ ತೆಗೆದ ಫೋಟೋವನ್ನು ನಾವು ಮತ್ತೆ ತೆರೆದು ನೋಡುವ ಹಾಗಿಲ್ಲ. ಹಸಿರು ಗುರುತು ಬಿದ್ದರೆ ತೆಗೆದಾಯಿತು ಎಂದು ಅರ್ಥ, ನೆಟ್‌ವರ್ಕ್ ಸಿಕ್ಕಲ್ಲಿ ಅದೇ ಆಫೀಸಿಗೆ ಹೋಗುತ್ತದೆ. ಒಳಗಿನ ಗುಟ್ಟೊಂದು ಹೇಳುತ್ತೇನೆ. ಆಫೀಸಿನಲ್ಲೂ ಆ ಫೋಟೋಗಳನ್ನು ಯಾರೂ ನೋಡುವುದಿಲ್ಲ. ಹನ್ನೆರಡು ಇದೆಯೋ ಇಲ್ಲವೋ ಎಂದು ಎಣಿಸಿ ಪಾಲಿಸಿ ಕೊಡುತ್ತಾರೆ. ನೋಡುವುದು ಕ್ಲೇಮ್ ಬಂದಾಗ ಮಾತ್ರ.

ನಾನು ಹೋದದ್ದು ಚಳಿಗಾಲದ ಒಂದು ಮಧ್ಯಾಹ್ನ. ಸುಮತಿ ನೀರುದೋಸೆ ಹುಯ್ದು, ನನ್ನೆದುರೇ ಮಿಕ್ಸಿಯಲ್ಲಿ ತೆಂಗಿನಕಾಯಿ ಚಟ್ನಿ ಕಡೆದು ಬಡಿಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಊಟ, ಹರಟೆ, ಕಾಗದಪತ್ರ ಎಂದು ಹೊತ್ತು ಇಳಿಯಿತು. ಜಾಗ ಸುಮತಿಯ ಹೆಸರಿನಲ್ಲಿದ್ದುದರಿಂದ ಸಹಿ ಅವರದೇ ಬೇಕಿತ್ತು. ಅವರು ಪೆನ್ನು ಹಿಡಿದುಕೊಂಡು ಕೂತೇ ಇದ್ದರು.

"ಕಳವಾಗ್ತದೆ ಅಂತ ನಾವೇ ಬರ್ದು ಕೊಡುದಾ ಅಕ್ಕ? ನನಗೆ ಎಂತದೋ ಧೈರ್ಯ ಬರುದಿಲ್ಲ" ಎಂದರು.

ಆಗ ನಾನು ಕಥೆ ಶುರು ಮಾಡಿದೆ. ನೀವಿಬ್ಬರೂ ಯಾವುದೋ ಮದುವೆಗೆ ಹೋಗಿರುತ್ತೀರಿ ಎಂದೆ. ಕಳ್ಳರು ಸ್ಪ್ಯಾನರ್ ಹಿಡಿದುಕೊಂಡು ನಿಧಾನಕ್ಕೆ ಬರುತ್ತಾರೆ, ಆರೂ ಪ್ಯಾನೆಲ್ ಬಿಚ್ಚುತ್ತಾರೆ, ಖಾಲಿ ಸ್ಟ್ಯಾಂಡ್ ನಿಂತಿರುತ್ತದೆ. ಬ್ಯಾಟರಿ ಕೋಣೆಯ ಬಾಗಿಲು ಗಟ್ಟಿ, ಒಡೆಯಲಿಕ್ಕಾಗುವುದಿಲ್ಲ. ಹಿಂದಿನ ಗೋಡೆಗೇ ಕಲ್ಲು ಎತ್ತಿ ಹಾಕಿ ಕಂಡಿ ಮಾಡುತ್ತಾರೆ. ಪಂಪಿನ ವೈರು ಕತ್ತರಿಸುತ್ತಾರೆ. ಸುಮತಿಯ ಕಣ್ಣು ಅಂಗಳದ ತುಳಸಿಕಟ್ಟೆಯ ಕಡೆಗೆ ಹೋಯಿತು. ನಾನು ಬಿಡಲಿಲ್ಲ. ಹೋಗುವಾಗ ಸುಮ್ಮನೆ ಒಂದು ಹೊಟ್ಟೆಕಿಚ್ಚಿಗೆ ಆ ತುಳಸಿಕಟ್ಟೆಯನ್ನೂ ಒದ್ದು ಎರಡು ಹೋಳು ಮಾಡಿ ಹೋಗುತ್ತಾರೆ ಎಂದೆ.

ಸುಮತಿ ಕಿವಿ ಮುಚ್ಚಿಕೊಂಡರು. "ಮುಸ್ಸಂಜೆ ಆಗ್ತಾ ಬಂತು, ಹಾಗೆಲ್ಲ ಹೇಳ್ಬೇಡಿ ಅಕ್ಕ. ಅಸ್ತು ದೇವತೆಗಳು ಇರ್ತಾರೆ."

"ಇಲ್ಲಿಗೆ ಲೈನ್‌ಮ್ಯಾನೇ ಬರುದಿಲ್ಲ, ಅಸ್ತು ದೇವತೆಗಳು ಬರ್ತಾರಾ?" ಎಂದೆ ನಾನು. ರಾಘಣ್ಣ ಜೋರಾಗಿ ನಕ್ಕರು. ಆ ನಗುವಿನಲ್ಲೇ ಸುಮತಿ ಸಹಿ ಹಾಕಿಬಿಟ್ಟರು.

ಬೆಳಕು ಹೋಗುವ ಮೊದಲು ಎದ್ದು ಫೋಟೋ ತೆಗೆದೆ. ಫೋಟೋದಲ್ಲಿ ಮನುಷ್ಯರು ಬರಬಾರದು ಎಂದು ನಿಯಮ, ಇಬ್ಬರನ್ನೂ ಒಳಗೆ ಕೂರಿಸಿದೆ. ಇಳಿಬಿಸಿಲು ಪ್ಯಾನೆಲಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು, ಅಂಗೈ ಅಡ್ಡ ಹಿಡಿದುಕೊಂಡೇ ತೆಗೆದೆ. ಫೋನಿನ ಪರದೆಯಲ್ಲಿ ಆರೂ ಪ್ಯಾನೆಲ್ ಇದ್ದವು. ಬ್ಯಾಟರಿ ಕೋಣೆಯ ಹಿಂದಿನ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಅದನ್ನು ಮುಟ್ಟಿ ನೋಡಿ ಕೈ ಒರೆಸಿಕೊಂಡದ್ದೂ ನೆನಪಿದೆ. ಹನ್ನೆರಡು ಹಸಿರು ಗುರುತು ಬಿತ್ತು. ಗಾಳಿ ನಿಲ್ಲಲಿಲ್ಲ, ನಾಯಿ ಊಳಿಡಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಬದಲಾಪುರ ಸ್ಟೇಶನ್ನಿನಲ್ಲಿ ನೆಟ್‌ವರ್ಕ್ ಸಿಕ್ಕಿ ಫೋಟೋಗಳು ಹೋದವು. ವಾರದೊಳಗೆ ಪಾಲಿಸಿ ಬಂತು.

ಮೂರು ತಿಂಗಳ ನಂತರ ಸುಮತಿಯ ಅಣ್ಣನ ಮಗಳ ಮದುವೆ, ನೆರೂಳದಲ್ಲಿ. ಗಂಡ ಹೆಂಡತಿ ಎರಡು ದಿನ ಮನೆ ಬಿಟ್ಟಿದ್ದರು. ಮೂರನೇ ದಿನ ಬೆಳಿಗ್ಗೆ ರಾಘಣ್ಣನ ಫೋನು ಬಂತು.

"ಅಕ್ಕ, ಎಲ್ಲ ಹೋಯ್ತು."

ನಿಜ ಹೇಳುತ್ತೇನೆ, ನನಗೆ ಆ ಕ್ಷಣ ದುಃಖಕ್ಕಿಂತ ಒಂದು ಬಗೆಯ ಜಂಬವೇ ಆಯಿತು. ಹೆದರಬೇಡಿ, ಇದಕ್ಕೇ ಅಲ್ಲವೇ ಮಾಡಿಸಿದ್ದು ಎಂದೆ. ಅವರು ಒಂದೊಂದಾಗಿ ಹೇಳುತ್ತಾ ಹೋದರು. ಪ್ಯಾನೆಲ್ ಆರೂ ಇಲ್ಲ, ಸ್ಟ್ಯಾಂಡ್ ಮಾತ್ರ ಉಳಿದಿದೆ. ಬ್ಯಾಟರಿ ಕೋಣೆಯ ಬಾಗಿಲು ಹಾಗೇ ಇದೆ, ಹಿಂದಿನ ಗೋಡೆ ಒಡೆದಿದ್ದಾರೆ. ಪಂಪಿನ ವೈರು ಕತ್ತರಿಸಿದ್ದಾರೆ. ಕಳ್ಳರೆಲ್ಲ ಒಂದೇ ಶಾಲೆಯಲ್ಲಿ ಕಲಿತವರು ಎಂದುಕೊಂಡು ಬರೆದುಕೊಳ್ಳುತ್ತಿದ್ದೆ. ಆಮೇಲೆ ಅವರು, "ತುಳಸಿಕಟ್ಟೆಯೂ ಎರಡು ಹೋಳಾಗಿದೆ ಅಕ್ಕ. ಅದ್ರಿಂದ ಅವ್ರಿಗೆ ಎಂತ ಸಿಗ್ತದೆ?" ಎಂದರು. ಬೇರೆಯದೆಲ್ಲ ಹಳೆಯ ಕ್ಲೇಮುಗಳಿಂದ ನಾನು ಹೆಕ್ಕಿ ಸೇರಿಸಿದ್ದು. ತುಳಸಿಕಟ್ಟೆ ಮಾತ್ರ ಆ ಗಳಿಗೆಯಲ್ಲಿ, ಸುಮತಿಯ ಕಣ್ಣು ನೋಡಿ, ನಾನೇ ಹುಟ್ಟಿಸಿ ಹೇಳಿದ್ದು.

ಪೊಲೀಸು ಕಂಪ್ಲೇಂಟ್ ಆಯಿತು, ಕಂಪನಿಯ ಸರ್ವೇಯರ್ ಹೋಗಿ ಬಂದರು. ಹತ್ತು ದಿನಕ್ಕೆ ಕಂಪನಿಯ ಆಫೀಸಿನಿಂದ ನನಗೆ ಕರೆ. ಕ್ಲೇಮ್ ನೋಡುವ ಸಾಹೇಬರು ಕುರ್ಚಿ ತೋರಿಸಿ, ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದರು.

"ಮ್ಯಾಡಮ್, ಯೇ ಫೋಟೋ ಆಪ್ನೇ ಹೀ ನಿಕಾಲಾ ನಾ?" ಈ ಫೋಟೋ ನೀವೇ ತೆಗೆದದ್ದಲ್ಲವೇ ಎಂದು.

ಒಡೆದ ಮನೆ. ಖಾಲಿ ಸ್ಟ್ಯಾಂಡ್, ಗೋಡೆಯಲ್ಲಿ ಕಂಡಿ, ಕತ್ತರಿಸಿದ ವೈರು, ಎರಡು ಹೋಳಾದ ತುಳಸಿಕಟ್ಟೆ. ಸರ್ವೇಯರ್ ತೆಗೆದದ್ದಿರಬೇಕು ಎಂದೆ. ಅವರು ತಲೆಯಾಡಿಸಿ ಕೆಳಗಿನ ಮೂಲೆ ತೋರಿಸಿದರು. ನಾನು ದೋಸೆ ತಿಂದ ದಿನ. ಸಂಜೆ ಐದೂವರೆ. ಏಜೆಂಟಿನ ಜಾಗದಲ್ಲಿ ನನ್ನ ನಂಬರು.

ಬೇರೆ ಯಾವುದೋ ಫೋಟೋ ಸೇರಿಕೊಂಡಿರಬೇಕು, ಆ್ಯಪಿನ ದೋಷ ಎಂದು ಒಂದು ನಿಮಿಷ ನಾನೂ ಧೈರ್ಯ ತಂದುಕೊಂಡೆ. ಅವರು ಮೂರನೇ ಫೋಟೋ ದೊಡ್ಡದು ಮಾಡಿದರು. ಜಗಲಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಂದು ಬಣ್ಣದ ನನ್ನ ಚೀಲ, ಅದರ ಹಿಡಿಗೆ ನಾನು ಕಟ್ಟಿದ್ದ ನೀಲಿ ಕರವಸ್ತ್ರ. ಹಿಂದೆ ಹಗ್ಗದ ಮೇಲೆ ಸುಮತಿಯ ಹಳದಿ ಸೀರೆ, ನಾನು ಬರುವ ಹೊತ್ತಿಗೆ ಅವರು ಒಣಗಲು ಹಾಕುತ್ತಿದ್ದದ್ದು. ಇಳಿಬಿಸಿಲೂ ಅದೇ. ಆ ದಿನದ್ದೇ ಫೋಟೋ, ನಾನೇ ತೆಗೆದದ್ದು. ಮನೆ ಮಾತ್ರ ಮೂರು ತಿಂಗಳ ಮುಂದಿನದು.

ಪ್ಯಾನೆಲ್ ಇದ್ದವು ಸಾಹೇಬ್, ಫ್ಯಾನು ತಿರುಗುತ್ತಿತ್ತು, ನನ್ನೆದುರೇ ಮಿಕ್ಸಿಯಲ್ಲಿ ಚಟ್ನಿ ಮಾಡಿದರು ಎಂದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಸಾಹೇಬರು ಕೆಟ್ಟವರಲ್ಲ. ಸಮಾಧಾನದಿಂದಲೇ ಬಿಡಿಸಿ ಹೇಳಿದರು. ಫೋಟೋ ನಿಮ್ಮದಲ್ಲವೆಂದರೆ ಆ್ಯಪನ್ನು ತಿದ್ದಿದ್ದೀರಿ ಎಂದಾಗುತ್ತದೆ, ಲೈಸೆನ್ಸ್ ಹೋಗುತ್ತದೆ, ವಂಚನೆಯ ಕೇಸೂ ಆಗಬಹುದು. ನಿಮ್ಮದೇ ಎಂದರೆ, ಹಾನಿ ಮೊದಲೇ ಆಗಿತ್ತು, ನೀವು ಗಮನಿಸದೆ ಕಳಿಸಿದಿರಿ, ಒಂದು ಮೆಮೋದಲ್ಲಿ ಮುಗಿಯುತ್ತದೆ. ಆಮೇಲೆ ಟೈಪು ಮಾಡಿದ ಒಂದು ಕಾಗದ ಮುಂದಿಟ್ಟರು. ಈ ಹನ್ನೆರಡು ಫೋಟೋಗಳನ್ನು ನಾನೇ, ಆ ಸ್ಥಳದಲ್ಲಿ, ಆ ದಿನಾಂಕದಂದು ತೆಗೆದಿದ್ದೇನೆ ಎಂದು ಅದರಲ್ಲಿತ್ತು. ಅಷ್ಟೇ ಇದ್ದದ್ದು.

ನಾನು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಟ್ರೇನಿನಲ್ಲಿ ಡೊಂಬಿವಲಿಯವರೆಗೂ ನನಗೆ ನಾನೇ ಹೇಳಿಕೊಂಡೆ. ಮಗಳ ಕಾಲೇಜು, ಮನೆ ಸಾಲ ಎಂದೆಲ್ಲ ನೆಪ ಹುಡುಕಿಕೊಂಡೆ. ನಿಜವಾದ ಕಾರಣ ಒಂದೇ, ನನಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಊರಿಗೆಲ್ಲ ಹೆದರಿಕೆ ಮಾರಿದವಳಿಗೆ ತನ್ನ ಸರದಿ ಬಂದಾಗ ಎರಡು ನಿಮಿಷವೂ ತಡೆದುಕೊಳ್ಳಲಾಗಲಿಲ್ಲ.

ಕ್ಲೇಮ್ ತಿರಸ್ಕಾರವಾಯಿತು. ರಾಘಣ್ಣ ಒಮ್ಮೆ ಫೋನು ಮಾಡಿ, "ಮೊದ್ಲೇ ಇರ್ಲಿಲ್ಲ ಅಂತ ಬರ್ದಿದ್ದಾರೆ ಅಕ್ಕ. ಎಂತದೋ ತಪ್ಪಾಗಿದೆ, ನೀವೊಮ್ಮೆ ಹೋಗಿ ಹೇಳಿ" ಎಂದರು. ನೋಡುತ್ತೇನೆ ಎಂದೆ. ಎರಡನೇ ಸಲ ಅವರ ನಂಬರು ಕಂಡಾಗ ಎತ್ತಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಏನೆಂದು ನನಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಅವರು ದೂರದ ಕೈಪಂಪಿನಿಂದ ಕೊಡದಲ್ಲಿ ನೀರು ಹೊತ್ತರಂತೆ. ಹಿಟ್ಟಿನ ಗಿರಾಕಿಗಳು ಬೇರೆ ಕಡೆ ಹೋದರು. ಮಳೆ ಶುರುವಾಗುವ ಮೊದಲು ಮನೆಯನ್ನು ಬಂದ ಬೆಲೆಗೆ ಕೊಟ್ಟು ದಿವಾ ಸ್ಟೇಶನ್ನಿನ ಹತ್ತಿರ ಒಂದು ಬಾಡಿಗೆ ಕೋಣೆಗೆ ಬಂದರು.

ಇದಕ್ಕೆ ನಾನು ಕಾರಣ ಹುಡುಕದೆ ಬಿಟ್ಟಿಲ್ಲ. ಕಂಪ್ಯೂಟರ್ ಬಲ್ಲವರನ್ನು ಕೇಳಿದೆ. ಹಳೆಯ ಫೋಟೋ ಬೇರೆ ಕಡೆ ಸೇರಿಕೊಳ್ಳಬಹುದು, ಇನ್ನೂ ಆಗದೇ ಇದ್ದದ್ದರ ಫೋಟೋ ಹೇಗೆ ಬರುತ್ತದೆ ಎಂದು ಅವರೇ ನನ್ನನ್ನು ತಿರುಗಿ ಕೇಳಿದರು. ಅತ್ತೆಯ ಮಾತನ್ನೂ ಪರೀಕ್ಷೆ ಮಾಡಿದೆ, ನಗಬೇಡಿ. ದೀಪ ಹಚ್ಚುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು, ರಾಘಣ್ಣನ ಮನೆ ಅವರಿಗೆ ವಾಪಸು ಸಿಗಲಿ, ಅವರಿಗೆ ಒಳ್ಳೆಯದಾಗಲಿ ಎಂದು ಬಾಯಿಬಿಟ್ಟು ಹೇಳಿದೆ. ಒಂದು ದಿನವಲ್ಲ, ಆ ಮಳೆಗಾಲವಿಡೀ ಹೇಳಿದೆ. ಕೆಟ್ಟದ್ದಕ್ಕೆ ಅಸ್ತು ಎಂದವರು ಯಾರಾದರೂ ಇದ್ದಿದ್ದರೆ ಇದನ್ನೂ ಕೇಳಿಸಿಕೊಳ್ಳಬೇಕಿತ್ತಲ್ಲ. ಏನೂ ಆಗಲಿಲ್ಲ.

ಕಳೆದ ವರ್ಷ ಭಿವಂಡಿಯ ಒಂದು ಗೋದಾಮಿಗೆ ಪಾಲಿಸಿ ನವೀಕರಣಕ್ಕೆ ಹೋಗಿದ್ದೆ. ಅಲ್ಲಿನ ಕ್ಯಾಂಟೀನಿನಲ್ಲಿ ಚಹಾ ತಂದಿಟ್ಟವರು ರಾಘಣ್ಣ. ನನಗೆ ಎದ್ದು ಓಡಬೇಕೆನಿಸಿತು. ಅವರು ಸಿಟ್ಟು ಮಾಡಲಿಲ್ಲ. ಎದುರಿಗೆ ಕೂತು ನನ್ನ ಮಗಳ ಬಗ್ಗೆ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ಅಕ್ಕ, ಒಂದು ಕೇಳ್ತೇನೆ. ಆ ದಿನ ಪ್ಯಾನೆಲ್ ಇತ್ತಲ್ಲ? ಸುಮತಿ ಈಗ ಇರ್ಲೇ ಇಲ್ಲ ಅಂತಾಳೆ. ನಾವು ಹಾಕ್ಸಿಯೇ ಇರ್ಲಿಲ್ಲ, ನಿಮಗೆ ಭ್ರಾಂತು ಅಂತ ದಿನಾ ಹೇಳ್ತಾಳೆ. ಕೇಳಿ ಕೇಳಿ ನನಗೂ ಸರಿ ನೆನಪಾಗುದಿಲ್ಲ."

"ಇತ್ತು ರಾಘಣ್ಣ. ಆರೂ ಇತ್ತು. ನಾನೇ ನೋಡಿದ್ದೇನೆ" ಎಂದೆ.

ಅವರ ಮುಖ ಅರಳಿತು. "ಹಾಗಾದ್ರೆ ಅದನ್ನೊಂದು ಚೀಟಿಯಲ್ಲಿ ಬರ್ದು ಕೊಡ್ತೀರಾ? ಕಂಪನಿಗೆ ಅಲ್ಲ ಅಕ್ಕ, ಸುಮತಿಗೆ ತೋರಿಸ್ಲಿಕ್ಕೆ."

ನನ್ನ ಸಹಿಯಿರುವ ಇನ್ನೊಂದು ಕಾಗದ ಆಫೀಸಿನಲ್ಲಿದೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಪೆನ್ನಿಲ್ಲ, ಮುಂದಿನ ಸಲ ಬರುವಾಗ ಬರೆದು ತರುತ್ತೇನೆ ಎಂದೆ. ಆಯಿತು ಅಕ್ಕ ಎಂದು ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಕೇಸಿನ ಹೆದರಿಕೆಯಿಂದ ಬರೆಯುತ್ತಿಲ್ಲ ಎಂದುಕೊಂಡಿದ್ದೆ. ಅದೊಂದೇ ಅಲ್ಲ. ಬರೆಯಲು ಕೂತು ಆ ಸಂಜೆಯನ್ನು ನೆನಪಿಗೆ ತಂದುಕೊಂಡರೆ, ಈಗೀಗ ನನ್ನ ಕಣ್ಣಿಗೂ ಬರುವುದು ಖಾಲಿ ಸ್ಟ್ಯಾಂಡೇ. ಪ್ಯಾನೆಲುಗಳನ್ನು ಒಂದೊಂದಾಗಿ ಎಣಿಸಿ ಅಲ್ಲಿ ಕೂರಿಸಬೇಕಾಗುತ್ತದೆ, ನಾಲ್ಕು ಎಣಿಸುವಷ್ಟರಲ್ಲಿ ಮೊದಲಿನವು ಇರುವುದಿಲ್ಲ. ನಿಮಗಾಗಿ ಇಷ್ಟು ಪುಟ ಬರೆದೆ. ಸುಮತಿಗೆ ತೋರಿಸಬೇಕಾದ ಆ ಒಂದು ಸಾಲಿನ ಚೀಟಿಯನ್ನು ಮಾತ್ರ ಇನ್ನೂ ಬರೆದು ಕೊಟ್ಟಿಲ್ಲ.